ಮೂಳೆ ಕೂಡಿತು, ಕೈ ಎತ್ತುವುದು ಯಾವಾಗ?

ಬೆಳಗಿನ ಹೊತ್ತು, ಬಚ್ಚಲಿನ ನೆಲ ಇನ್ನೂ ಆರಿಲ್ಲ. ಎಪ್ಪತ್ತರ ಆಸುಪಾಸಿನ ಅಜ್ಜಿ ಕಾಲು ಜಾರಿ ಒಂದು ಮಗ್ಗುಲಿಗೆ ಬೀಳುತ್ತಾರೆ. ಏಳಲು ನೋಡಿದರೆ ಬಲಗೈ ಮಾತು ಕೇಳುತ್ತಿಲ್ಲ. ಎಡಗೈಯಿಂದ ಅದನ್ನು ಎದೆಗೆ ಅವುಚಿಕೊಂಡು ಆಟೋ ಹತ್ತಿ ಆಸ್ಪತ್ರೆ ಸೇರುತ್ತಾರೆ. ಎಕ್ಸ್‌ರೇ ನೋಡಿದ ವೈದ್ಯರು ‘ಭುಜದ ಹತ್ತಿರ ರಟ್ಟೆ ಮೂಳೆ ಮುರಿದಿದೆ, ಆಪರೇಷನ್ ಬೇಡ’ ಎನ್ನುತ್ತಾರೆ. ಕುತ್ತಿಗೆಗೆ ಒಂದು ಸ್ಲಿಂಗ್ ತೂಗುಹಾಕಿ, ಅದರಲ್ಲಿ ಕೈ ಇರಿಸಿ, ನೋವಿನ ಮಾತ್ರೆ ಬರೆದುಕೊಟ್ಟು ‘ವಾರ ಬಿಟ್ಟು ಬನ್ನಿ’ ಎಂದು ಕಳಿಸುತ್ತಾರೆ.

ಮನೆಗೆ ಬಂದ ಮೇಲೆ ಚರ್ಚೆ ಶುರು. ‘ಪ್ಲಾಸ್ಟರ್ ಕೂಡ ಹಾಕಲಿಲ್ವೇನಮ್ಮಾ?’ ಎಂದು ಊರಿಂದ ಫೋನು ಮಾಡಿದ ಮಗಳಿಗೆ ಆತಂಕ. ‘ಸುಮ್ನೆ ಒಂದು ಬಟ್ಟೆ ಕಟ್ಟಿ ಕಳಿಸಿದಾರೆ ಕಣೋ, ಬೇರೆ ಕಡೆ ತೋರಿಸು’ ಎಂದು ದೊಡ್ಡಪ್ಪನ ಸಲಹೆ. ‘ಪುತ್ತೂರು ಕಟ್ಟು ಹಾಕಿಸಿ, ನಮ್ಮ ಯಜಮಾನರಿಗೆ ಅದರಲ್ಲೇ ವಾಸಿಯಾಗಿದ್ದು’ ಎಂದು ಪಕ್ಕದ ಮನೆಯವರು. ಇಷ್ಟರ ನಡುವೆ ಅಜ್ಜಿಗೆ ಮಲಗಿದರೆ ನೋವು, ಎದ್ದರೆ ನೋವು. ತನಗೆ ಚಿಕಿತ್ಸೆಯನ್ನೇ ಕೊಟ್ಟಿಲ್ಲ ಎಂಬ ಅನುಮಾನ ಬೇರೆ.

ಚಿಕಿತ್ಸೆ ಕೊಟ್ಟಿದ್ದಾರೆ. ಅದರ ಹೆಚ್ಚಿನ ಭಾಗ ಆಸ್ಪತ್ರೆಯಲ್ಲಿ ನಡೆಯದೆ ಮನೆಯಲ್ಲಿ ನಡೆಯುತ್ತದೆ, ಅಷ್ಟೇ. ಮೂಳೆಯನ್ನು ದೇಹ ತಾನೇ ಕೂಡಿಸಿಕೊಳ್ಳುತ್ತದೆ. ಕೈಯನ್ನು ಮತ್ತೆ ಕೈಯಾಗಿಸುವ ಕೆಲಸ ಮಾತ್ರ ರೋಗಿಯದು. ಈ ಎರಡನೆಯ ಕೆಲಸದ ಬಗ್ಗೆ ನಮ್ಮ ಗಿಜಿಗುಡುವ ಹೊರರೋಗಿ ವಿಭಾಗಗಳಲ್ಲಿ ಯಾರಿಗೂ ವಿವರಿಸುವಷ್ಟು ಪುರುಸೊತ್ತು ಇರುವುದಿಲ್ಲ.

ಮುರಿದದ್ದು ಎಲ್ಲಿ?

ಭುಜದಿಂದ ಮೊಣಕೈವರೆಗೆ ಇರುವುದು ಒಂದೇ ಉದ್ದ ಮೂಳೆ, ಹ್ಯೂಮರಸ್. ಅದರ ಮೇಲ್ತುದಿ ಗುಂಡಗಿದೆ. ಈ ಗುಂಡು ಹೆಗಲ ಮೂಳೆಯ ಗುಳಿಗೆ ಆತುಕೊಂಡಿರುತ್ತದೆ. ಗುಳಿ ಎಂದರೆ ಆಳವಾದದ್ದೇನಲ್ಲ. ಪುಟ್ಟ ತಟ್ಟೆಗೆ ದೊಡ್ಡ ನಿಂಬೆಹಣ್ಣು ಒರಗಿಸಿಟ್ಟಂತೆ ಇರುವ ಜೋಡಣೆ ಅದು. ಆದ್ದರಿಂದಲೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ. ಅದನ್ನು ಜಾಗದಲ್ಲಿ ಹಿಡಿದಿಟ್ಟಿರುವುದು ಸುತ್ತಲಿನ ಸ್ನಾಯು ಮತ್ತು ಚೀಲದಂಥ ಪೊರೆ. ಈ ಪೊರೆ ಕೆಲವು ವಾರ ಅಲುಗಾಡದಿದ್ದರೆ ಕುಗ್ಗಿ ಬಿಗಿಯುತ್ತದೆ. ಮುಂದಿನ ಕಥೆಯೆಲ್ಲ ಈ ಒಂದು ಸಂಗತಿಯ ಸುತ್ತ ತಿರುಗುತ್ತದೆ.

ವಯಸ್ಸಾದವರು ಬಿದ್ದಾಗ ಮುರಿಯುವುದು ಸಾಮಾನ್ಯವಾಗಿ ಈ ಮೇಲ್ತುದಿ. ಇಳಿವಯಸ್ಸಿನ ಮುರಿತಗಳಲ್ಲಿ ಸೊಂಟ ಮತ್ತು ಮಣಿಕಟ್ಟಿನ ನಂತರದ ಸ್ಥಾನ ಇದಕ್ಕೆ. ಮುಟ್ಟು ನಿಂತು ಮೂಳೆ ತೆಳುವಾಗುವುದರಿಂದ ಹೆಂಗಸರಲ್ಲಿ ಹೆಚ್ಚು. ಬೈಕ್ ಅಪಘಾತ, ಎತ್ತರದಿಂದ ಬೀಳುವುದು ಇಂಥವುಗಳಲ್ಲಿ ರಟ್ಟೆಯ ನಡುಭಾಗ ಮುರಿಯುವುದುಂಟು. ಎರಡಕ್ಕೂ ಆಪರೇಷನ್ ಇಲ್ಲದೆ ಚಿಕಿತ್ಸೆ ಸಾಧ್ಯ, ಆದರೆ ಚೇತರಿಕೆಯ ದಾರಿ ಬೇರೆ ಬೇರೆ.

ಮೇಲ್ತುದಿ ಹೇಗೆಂದರೆ ಹಾಗೆ ಒಡೆಯುವುದಿಲ್ಲ. ಗುಂಡು, ಸ್ನಾಯುಗಳು ಅಂಟಿಕೊಂಡ ಎರಡು ಉಬ್ಬುಗಳು, ಕೆಳಗಿನ ಕಾಂಡ ಹೀಗೆ ಹೆಚ್ಚೆಂದರೆ ನಾಲ್ಕು ಭಾಗಗಳಾಗಿ ಒಡೆಯುತ್ತದೆ. ಇದನ್ನು ಮೊದಲು ಗುರುತಿಸಿದವರು ಬಾಸ್ಟನ್ನಿನ ಶಸ್ತ್ರಚಿಕಿತ್ಸಕ ಅರ್ನೆಸ್ಟ್ ಕಾಡ್‌ಮನ್. 1970ರಲ್ಲಿ ಅಮೆರಿಕದ ಇನ್ನೊಬ್ಬ ವೈದ್ಯ ಚಾರ್ಲ್ಸ್ ನೀರ್ ಅದಕ್ಕೊಂದು ಅಳತೆ ಕೊಟ್ಟರು: ತುಣುಕು 1 ಸೆಂಟಿಮೀಟರಿಗಿಂತ ಹೆಚ್ಚು ಸರಿದಿದ್ದರೆ ಅಥವಾ 45 ಡಿಗ್ರಿಗಿಂತ ಹೆಚ್ಚು ಓರೆಯಾಗಿದ್ದರೆ ಮಾತ್ರ ‘ಜಾಗ ಬಿಟ್ಟ’ ಮುರಿತ. ಇಂದಿಗೂ ವೈದ್ಯರ ಮಾತುಕತೆ ನಡೆಯುವುದು ಈ ಅಳತೆಯಲ್ಲೇ. ಹೆಚ್ಚಿನ ಮುರಿತಗಳು ಈ ಗೆರೆ ದಾಟುವುದೇ ಇಲ್ಲ. ಅಂಥವಕ್ಕೆ ಸ್ಲಿಂಗ್ ಸಾಕು ಎಂಬುದರಲ್ಲಿ ವೈದ್ಯಲೋಕಕ್ಕೆ ಭಿನ್ನಾಭಿಪ್ರಾಯವಿಲ್ಲ.

ಪ್ಲೇಟು ಬೇಡವೇ ಬೇಡವೇ?

ಜಗಳವಿದ್ದದ್ದು ಗೆರೆ ದಾಟಿದ ಮುರಿತಗಳ ಬಗ್ಗೆ. ಪ್ಲೇಟು, ಸ್ಕ್ರೂಗಳ ತಂತ್ರಜ್ಞಾನ ಸುಧಾರಿಸಿದಂತೆ ಆಪರೇಷನ್‌ಗಳೂ ಏರಿದವು. ಆಗ ಬ್ರಿಟನ್ನಿನಲ್ಲಿ ಅಮರ್ ರಂಗನ್ ಎಂಬ ಶಸ್ತ್ರಚಿಕಿತ್ಸಕರ ಮುಂದಾಳತ್ವದಲ್ಲಿ ‘ಪ್ರೊಫರ್’ ಎಂಬ ಅಧ್ಯಯನ ನಡೆಯಿತು. ಅಲ್ಲಿನ 32 ಸರ್ಕಾರಿ ಆಸ್ಪತ್ರೆಗಳಲ್ಲಿ, ಜಾಗ ಬಿಟ್ಟ ಮುರಿತವಿದ್ದ 250 ಜನರನ್ನು ಎರಡು ಗುಂಪು ಮಾಡಿದರು. ಅರ್ಧ ಜನಕ್ಕೆ ಆಪರೇಷನ್, ಅರ್ಧ ಜನಕ್ಕೆ ಸ್ಲಿಂಗ್. ಎರಡೂ ಗುಂಪಿಗೆ ಫಿಸಿಯೋಥೆರಪಿ. ಯಾರು ಯಾವ ಗುಂಪಿಗೆ ಎಂಬುದನ್ನು ಲಾಟರಿಯಂತೆ ನಿರ್ಧರಿಸಿದ್ದು.

ಫಲಿತಾಂಶ 2015ರಲ್ಲಿ ಬಂತು. ನೋವು, ಬಟ್ಟೆ ತೊಡುವುದು, ತಲೆ ಬಾಚುವುದು ಇತ್ಯಾದಿಗಳನ್ನು ಕೇಳಿ 48ಕ್ಕೆ ಅಂಕ ಕೊಡುವ ಪದ್ಧತಿಯೊಂದಿದೆ. ಎರಡು ವರ್ಷಗಳ ಸರಾಸರಿಯಲ್ಲಿ ಆಪರೇಷನ್ ಆದವರಿಗೆ 39, ಆಗದವರಿಗೆ 38. ಲೆಕ್ಕಕ್ಕೆ ಬರುವಷ್ಟು ವ್ಯತ್ಯಾಸವೇ ಅಲ್ಲ. ಐದು ವರ್ಷ ಬಿಟ್ಟು ನೋಡಿದರೂ ಚಿತ್ರ ಬದಲಾಗಲಿಲ್ಲ.

ಆದರೆ ಇದನ್ನು ‘ಆಪರೇಷನ್ ಎಂದೂ ಬೇಡ’ ಎಂದು ಓದಿಕೊಳ್ಳಬಾರದು. ಗುಂಡು ಕೀಲಿನಿಂದ ಹೊರಬಿದ್ದಿದ್ದರೆ, ಗುಂಡೇ ಸೀಳಿದ್ದರೆ, ಮೂಳೆ ಚರ್ಮ ಹರಿದು ಹೊರಬಂದಿದ್ದರೆ, ರಕ್ತನಾಳಕ್ಕೆ ಪೆಟ್ಟಾಗಿದ್ದರೆ ಶಸ್ತ್ರಚಿಕಿತ್ಸೆಗೆ ಪರ್ಯಾಯವಿಲ್ಲ. ಸುತ್ತಿಗೆ ಹಿಡಿಯುವ ಮೂವತ್ತರ ಬಡಗಿಯ ಭುಜಕ್ಕೂ ಎಪ್ಪತ್ತೈದರ ಅಜ್ಜಿಯ ಭುಜಕ್ಕೂ ಒಂದೇ ನಿಯಮ ಹಾಕಲು ಬರುವುದಿಲ್ಲ. ನನಗೆ ಈ ಅಧ್ಯಯನದಿಂದ ಮುಖ್ಯವೆನಿಸುವುದು ಇಷ್ಟು: ಸ್ಲಿಂಗ್ ಕಟ್ಟಿ ಕಳಿಸಿದ ವೈದ್ಯರು ಕೈಬಿಟ್ಟರು ಎಂದುಕೊಳ್ಳಬೇಕಿಲ್ಲ. ಟೊಳ್ಳಾದ ಮೂಳೆಯಲ್ಲಿ ಸ್ಕ್ರೂ ಗಟ್ಟಿಯಾಗಿ ಕೂರುವುದಿಲ್ಲ, ಅರಿವಳಿಕೆಯ ಅಪಾಯವಿದೆ, ಸೋಂಕಿನ ಭಯವಿದೆ. ಇವನ್ನೆಲ್ಲ ತೂಗಿಯೇ ಅವರು ‘ಬೇಡ’ ಎಂದಿರುತ್ತಾರೆ.

ಮೊದಲ ಮೂರು ವಾರ

ಇಡೀ ಚೇತರಿಕೆಯಲ್ಲಿ ಅತಿ ಕಷ್ಟದ ಕಾಲ ಇದು. ಮುರಿದ ಜಾಗದಲ್ಲಿ ರಕ್ತ ಸುರಿದು ಗರಣೆ ಕಟ್ಟುತ್ತದೆ. ಅದೇ ಮುಂದಿನ ಕಟ್ಟಡಕ್ಕೆ ಅಡಿಪಾಯ. ಎರಡು ಮೂರು ವಾರದಲ್ಲಿ ಅಲ್ಲಿ ಮೃದ್ವಸ್ಥಿಯ ಮೆತ್ತನೆಯ ಬೆಸುಗೆ ಹುಟ್ಟುತ್ತದೆ. ಆರರಿಂದ ಹನ್ನೆರಡು ವಾರದಲ್ಲಿ ಅದು ಗಟ್ಟಿ ಮೂಳೆಯಾಗುತ್ತದೆ. ಮೇಲ್ತುದಿಯ ಮೂಳೆಯ ಒಳಗೆ ಸಣ್ಣ ರಂಧ್ರಗಳಿದ್ದು ರಕ್ತ ಸಂಚಾರ ಚೆನ್ನಾಗಿರುವುದರಿಂದ ಅದು ಕೂಡದೇ ಉಳಿಯುವುದು ಅಪರೂಪ.

ನಾಲ್ಕೈದು ದಿನಕ್ಕೆ ಮನೆಮಂದಿಯನ್ನು ಹೆದರಿಸುವ ಸಂಗತಿಯೊಂದು ನಡೆಯುತ್ತದೆ. ಭುಜದಲ್ಲಿ ಸುರಿದ ರಕ್ತ ಚರ್ಮದಡಿ ಕೆಳಕ್ಕಿಳಿದು ರಟ್ಟೆ, ಮೊಣಕೈ, ಕೆಲವೊಮ್ಮೆ ಎದೆಯ ಪಕ್ಕವೆಲ್ಲ ನೀಲಿ-ಕಪ್ಪಾಗುತ್ತದೆ. ಬೀಳುವಾಗ ತಗಲದ ಜಾಗವೂ ಕಪ್ಪಾಗಿದೆಯಲ್ಲ ಎಂದು ಗಾಬರಿ. ಇದು ಸಹಜ. ಕಪ್ಪು ಹಸಿರಾಗಿ, ಹಳದಿಯಾಗಿ ಕೆಲವು ವಾರದಲ್ಲಿ ಮಾಯವಾಗುತ್ತದೆ. ಮುರಿದ ತುದಿಗಳು ಒಳಗೆ ‘ಕಟಕ್’ ಎಂದಂತಾಗುವುದೂ ಆರಂಭದ ದಿನಗಳಲ್ಲಿ ಉಂಟು.

ನಿದ್ದೆಯೇ ದೊಡ್ಡ ಸಮಸ್ಯೆ. ಅಂಗಾತ ಮಲಗಿದೊಡನೆ ಮೊಣಕೈ ಹಿಂದಕ್ಕೆ ಬಿದ್ದು ಮುರಿತ ಎಳೆದಂತಾಗುತ್ತದೆ. ಬೆನ್ನಿಗೆ ಮೂರು ನಾಲ್ಕು ದಿಂಬು ಕೊಟ್ಟು ಅರ್ಧ ಕುಳಿತಂತೆ ಒರಗಿ, ರಟ್ಟೆಯ ಹಿಂದೆ ಮೊಣಕೈ ಜಾರದಂತೆ ತೆಳು ದಿಂಬೊಂದು ಇಟ್ಟರೆ ನೋವು ತಗ್ಗುತ್ತದೆ. ಒರಗು ಕುರ್ಚಿ ಇದ್ದರೆ ಇನ್ನೂ ಒಳ್ಳೆಯದು. ರಾತ್ರಿಯೂ ಸ್ಲಿಂಗ್ ತೆಗೆಯಬಾರದು. ನೋವಿನ ಮಾತ್ರೆಯನ್ನು ‘ತಡೆಯಲಾರದಷ್ಟು ನೋವಾದರೆ ತಗೊಳ್ತೀನಿ’ ಎಂದು ಮುಂದೂಡುವ ಹಿರಿಯರೇ ನಮ್ಮಲ್ಲಿ ಹೆಚ್ಚು. ಮೊದಲ ಎರಡು ವಾರ ವೈದ್ಯರು ಹೇಳಿದ ಹೊತ್ತಿಗೆ ತಪ್ಪದೆ ತೆಗೆದುಕೊಳ್ಳುವುದೇ ಸರಿ. ನೋವು ಹತೋಟಿಯಲ್ಲಿದ್ದರೆ ತಾನೇ ಕೈ ಅಲುಗಾಡಿಸಲು ಧೈರ್ಯ ಬರುವುದು?

ಬಟ್ಟೆ ತೊಡಿಸುವಾಗ ಮೊದಲು ಮುರಿದ ಕೈಗೆ ತೋಳು ಏರಿಸಿ. ಬಿಚ್ಚುವಾಗ ಅದನ್ನು ಕೊನೆಗೆ ಬಿಡಿಸಿ. ಮುಂದೆ ಗುಂಡಿ ಇರುವ ಸಡಿಲ ಅಂಗಿ, ನೈಟಿ ಈ ಕಾಲಕ್ಕೆ ಅನುಕೂಲ. ಸೀರೆ ಉಡುವವರು ಒಂದೆರಡು ತಿಂಗಳು ಹಟ ಬಿಡಬೇಕಾಗುತ್ತದೆ. ನಮ್ಮ ಸೆಖೆಗೆ ಕಂಕುಳು ಬೆವರಿ ಹುಣ್ಣಾಗುವುದು ಬೇಗ. ಸ್ಲಿಂಗ್ ಬಿಚ್ಚಿ, ಸೊಂಟದಿಂದ ಮುಂದಕ್ಕೆ ಬಾಗಿದರೆ ಕೈ ತಾನಾಗಿ ದೇಹದಿಂದ ದೂರ ತೂಗುತ್ತದೆ. ಆಗ ಒದ್ದೆ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಆರಿಸಿ, ಮೆತ್ತನೆಯ ಹತ್ತಿ ಬಟ್ಟೆ ಇಡಬಹುದು. ಕೈಯನ್ನು ಪಕ್ಕಕ್ಕೆ ಎತ್ತಿ ಹಿಡಿಯುವ ಅಗತ್ಯವೇ ಇಲ್ಲ.

ಉಂಗುರ, ಬಳೆಗಳನ್ನು ಮೊದಲ ದಿನವೇ ತೆಗೆಯಿರಿ. ಬಾವು ಬೆರಳಿಗೆ ಇಳಿದ ಮೇಲೆ ಅವು ಬರುವುದಿಲ್ಲ, ಕತ್ತರಿಸಬೇಕಾಗುತ್ತದೆ. ಮುತ್ತೈದೆ ಬಳೆ ತೆಗೆಯಬಾರದು ಎಂಬ ಮಾತು ಬಂದರೆ ಇನ್ನೊಂದು ಕೈಯಲ್ಲಿ ಇದೆಯಲ್ಲ ಎನ್ನಿ.

ಭುಜಕ್ಕೆ ವಿಶ್ರಾಂತಿ ಎಂದರೆ ಇಡೀ ಕೈಗೆ ವಿಶ್ರಾಂತಿ ಎಂದಲ್ಲ. ಬೆರಳು ಮಡಿಸಿ ಬಿಚ್ಚುವುದು, ಮಣಿಕಟ್ಟು ತಿರುಗಿಸುವುದು, ರಟ್ಟೆಯನ್ನು ಪಕ್ಕೆಗೆ ಒತ್ತಿಟ್ಟುಕೊಂಡು ಮೊಣಕೈ ಮಡಿಸಿ ನೀಡುವುದು ಮೊದಲ ದಿನದಿಂದಲೇ ನಡೆಯಬೇಕು. ಇದನ್ನು ಬಿಟ್ಟವರಿಗೆ ಭುಜದ ಜೊತೆ ಮೊಣಕೈಯೂ ಬೆರಳೂ ಬಿಗಿಯುತ್ತವೆ. ಬಲಗೈ ಮುರಿದವರು ಎಡಗೈಯಲ್ಲಿ ಉಣ್ಣಲು ಮುಜುಗರಪಡುತ್ತಾರೆ. ನೋವು ಸ್ವಲ್ಪ ತಗ್ಗಿದ ಮೇಲೆ ವೈದ್ಯರನ್ನು ಕೇಳಿ, ರಟ್ಟೆ ಅಲುಗಿಸದೆ ಮೊಣಕೈಯಷ್ಟೇ ಮಡಿಸಿ, ಬಾಯಿಯನ್ನೇ ಕೈಯತ್ತ ಬಾಗಿಸಿ ತುತ್ತು ತಿನ್ನಬಹುದು. ಅದೇ ಒಂದು ವ್ಯಾಯಾಮ.

ವೈದ್ಯರು ವಾರಕ್ಕೊಮ್ಮೆ ಕರೆದು ಎಕ್ಸ್‌ರೇ ತೆಗೆಸುವುದು ತುಣುಕುಗಳು ಸರಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು. ‘ಹೇಗೂ ಆಪರೇಷನ್ ಇಲ್ಲ’ ಎಂದು ಈ ಭೇಟಿ ತಪ್ಪಿಸಬಾರದು. ಕೈ ತಣ್ಣಗಾಗಿ ಬಿಳುಚಿಕೊಂಡರೆ, ಬೆರಳು ಜೋಮು ಹಿಡಿದು ಸ್ಪರ್ಶ ತಿಳಿಯದಿದ್ದರೆ, ಮಣಿಕಟ್ಟು ಎತ್ತಲಾಗದಿದ್ದರೆ, ಮಾತ್ರೆಗೂ ಬಗ್ಗದೆ ನೋವು ಏರುತ್ತಲೇ ಹೋದರೆ ವಾರದವರೆಗೆ ಕಾಯದೆ ಅಂದೇ ಹೋಗಬೇಕು.

ಮೊದಲು ತೂಗು, ಆಮೇಲೆ ಎತ್ತು

ಹಿಂದೆಲ್ಲ ಮುರಿತಕ್ಕೆ ಒಂದೇ ಮಂತ್ರ, ‘ಅಲುಗಾಡಿಸಬೇಡಿ’. ಭುಜದ ವಿಷಯದಲ್ಲಿ ಇದು ಅರ್ಧ ಮಾತ್ರ ನಿಜ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹೆಚ್ಚು ಜಾಗ ಬಿಡದ ಮುರಿತವಿದ್ದ 86 ಜನರ ಮೇಲೆ ಒಂದು ಪರೀಕ್ಷೆ ನಡೆದು 2003ರಲ್ಲಿ ಪ್ರಕಟವಾಯಿತು. ಕೆಲವರಿಗೆ ಒಂದು ವಾರದೊಳಗೇ ಫಿಸಿಯೋಥೆರಪಿ, ಉಳಿದವರಿಗೆ ಮೂರು ವಾರ ಕಟ್ಟಿಟ್ಟ ಬಳಿಕ. ಹದಿನಾರನೆಯ ವಾರದಲ್ಲಿ ನೋಡಿದರೆ ಬೇಗ ಶುರುಮಾಡಿದವರಿಗೇ ನೋವು ಕಡಿಮೆ, ಚಲನೆ ಹೆಚ್ಚು.

ಬೇಗ ಎಂದರೆ ಕೈ ಎತ್ತುವುದೆಂದು ತಿಳಿಯಬೇಡಿ. ಮೊದಲ ವ್ಯಾಯಾಮದಲ್ಲಿ ಭುಜದ ಸ್ನಾಯುವಿಗೆ ಕೆಲಸವೇ ಇಲ್ಲ. ಒಳ್ಳೆಯ ಕೈಯನ್ನು ಮೇಜಿಗೆ ಊರಿ, ಸೊಂಟದಿಂದ ಬಾಗಿ, ಮುರಿದ ಕೈಯನ್ನು ಸಡಿಲವಾಗಿ ಕೆಳಗೆ ಬಿಡಬೇಕು. ಮೈಯನ್ನು ಮೆಲ್ಲಗೆ ಹಿಂದೆ ಮುಂದೆ ತೂಗಿದರೆ ಕೈ ತಾನೇ ಲೋಲಕದಂತೆ ಓಲಾಡುತ್ತದೆ, ಸಣ್ಣ ಸುತ್ತು ಹಾಕುತ್ತದೆ. ನಾಲ್ಕು ಭಾಗದ ಲೆಕ್ಕ ಹೇಳಿದ ಕಾಡ್‌ಮನ್ ಹೆಸರಿನಲ್ಲೇ ಈ ವ್ಯಾಯಾಮ ಇಂದಿಗೂ ಪ್ರಸಿದ್ಧ. ತಲೆಸುತ್ತು ಬರುವ ಹಿರಿಯರು ಇದನ್ನು ಕುರ್ಚಿಯಲ್ಲಿ ಕುಳಿತೂ ಮಾಡಬಹುದು. ಯಾವ ದಿನ ಶುರುಮಾಡಬೇಕು ಎನ್ನುವುದು ಮುರಿತ ಎಷ್ಟು ಸ್ಥಿರವಾಗಿದೆ ಎಂಬುದರ ಮೇಲೆ ನಿಂತಿದೆ. ಒಬ್ಬರಿಗೆ ಏಳನೆಯ ದಿನ, ಇನ್ನೊಬ್ಬರಿಗೆ ಮೂರನೆಯ ವಾರ. ಯೂಟ್ಯೂಬ್ ನೋಡಿ ನಿರ್ಧರಿಸುವ ವಿಷಯವಂತೂ ಅಲ್ಲ.

ಮೂರರಿಂದ ಆರನೆಯ ವಾರದವರೆಗೆ ಒಳ್ಳೆಯ ಕೈ ಸಹಾಯಕ್ಕೆ ಬರುತ್ತದೆ. ಮಲಗಿಕೊಂಡು, ಎರಡೂ ಕೈಯಲ್ಲಿ ಛತ್ರಿಯನ್ನೋ ಕೋಲನ್ನೋ ಹಿಡಿದು, ಗಟ್ಟಿ ಕೈಯಿಂದ ಸೋತ ಕೈಯನ್ನು ಮೇಲಕ್ಕೆ ಒಯ್ಯುವುದು. ಮೇಜಿನ ಮೇಲೆ ಬಟ್ಟೆ ಇಟ್ಟು ಅದರ ಮೇಲೆ ಅಂಗೈ ಜಾರಿಸುತ್ತ ಮುಂದಕ್ಕೆ ಬಾಗುವುದು. ಆರನೆಯ ವಾರದ ಸುಮಾರಿಗೆ ಎಕ್ಸ್‌ರೇಯಲ್ಲಿ ಬೆಸುಗೆ ಕಂಡರೆ ಸ್ಲಿಂಗ್ ಪೂರ್ತಿ ಬಿಡುತ್ತಾರೆ. ಆಗ ಕೈ ತನ್ನ ಬಲದಿಂದಲೇ ಏಳಬೇಕು. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಮೇಲಕ್ಕೆ ಹತ್ತಿಸುವುದು, ಬಾಗಿಲಿಗೆ ಕಟ್ಟಿದ ರಾಟೆಯ ಹಗ್ಗ ಎಳೆಯುವುದು ಈ ಹಂತದ ಕಸರತ್ತು. ಭಾರ ಎತ್ತುವುದು, ರಬ್ಬರ್ ಪಟ್ಟಿ ಎಳೆಯುವುದು ಸುಮಾರು ಹನ್ನೆರಡನೆಯ ವಾರದ ನಂತರ. ಅಲ್ಲಿಯವರೆಗೆ ನೀರಿನ ಕೊಡ, ಕುಕ್ಕರು, ಮೊಮ್ಮಗು ಯಾವುದನ್ನೂ ಎತ್ತುವಂತಿಲ್ಲ. ನೆಲಕ್ಕೆ ಕೈ ಊರಿ ಏಳುವಂತಿಲ್ಲ. ಬಸ್ಸಿನ ಕಂಬಿಗೆ ಜೋತು ಬೀಳುವಂತಿಲ್ಲ.

ಇಲ್ಲಿ ಎರಡು ತಪ್ಪು ನಡೆಯುತ್ತವೆ. ಒಂದು, ಆರನೆಯ ವಾರದಲ್ಲಿ ‘ಮೂಳೆ ಕೂಡಿದೆ’ ಎಂದ ಮಾತಿಗೆ ಚಿಕಿತ್ಸೆ ಮುಗಿಯಿತೆಂದು ತಿಳಿದು ಫಿಸಿಯೋಥೆರಪಿ ನಿಲ್ಲಿಸುವುದು. ಭುಜದ ಮಟ್ಟಿಗೆ ಅಸಲಿ ಕೆಲಸ ಆರಂಭವಾಗುವುದೇ ಆಗ. ಇನ್ನೊಂದು, ನೋವಾದರೆ ಮತ್ತೆ ಮುರಿಯಿತೇನೋ ಎಂಬ ಭಯ. ಬಿಗಿದ ಪೊರೆ ಸಡಿಲವಾಗುವಾಗ ಎಳೆತ, ನೋವು ಇರುತ್ತದೆ. ವ್ಯಾಯಾಮ ನಿಲ್ಲಿಸಿ ಸ್ವಲ್ಪ ಹೊತ್ತಿನಲ್ಲಿ ಇಳಿಯುವ ನೋವು ತಡೆದುಕೊಳ್ಳಬಹುದಾದದ್ದು. ರಾತ್ರಿಯಿಡೀ ನಿದ್ದೆಗೆಡಿಸುವ ನೋವಾದರೆ ಮರುದಿನ ಕಡಿಮೆ ಮಾಡಬೇಕು. ದಿನಕ್ಕೊಮ್ಮೆ ಒಂದು ಗಂಟೆ ಗುದ್ದಾಡುವುದಕ್ಕಿಂತ ಮೂರು ನಾಲ್ಕು ಸಲ ಹತ್ತು ಹತ್ತು ನಿಮಿಷ ಮಾಡುವುದು ಭುಜಕ್ಕೆ ಹಿಡಿಸುತ್ತದೆ. ಮನೆಯವರು ‘ಬಾ ನಾನು ಎತ್ತುತ್ತೇನೆ’ ಎಂದು ಬಲವಂತವಾಗಿ ಕೈ ಎಳೆಯುವ ಸೇವೆಯನ್ನು ದಯವಿಟ್ಟು ಮಾಡಬಾರದು.

ರಟ್ಟೆಯ ನಡುವೆ ಮುರಿದರೆ

ಕಾಂಡದ ಮುರಿತಕ್ಕೆ ತರ್ಕವೇ ಬೇರೆ. ಇಲ್ಲಿ ಕೈಯ ಭಾರವೇ ಮುರಿದ ತುದಿಗಳನ್ನು ನೇರಕ್ಕೆ ಎಳೆಯುವ ವೈದ್ಯ. ಮೊದಲ ಒಂದೆರಡು ವಾರ ಮೊಣಕೈ ಸುತ್ತಿಬರುವ ಪ್ಲಾಸ್ಟರ್ ಪಟ್ಟಿ ಹಾಕುತ್ತಾರೆ. ಬಾವು ಇಳಿದ ಮೇಲೆ ರಟ್ಟೆಯನ್ನು ಸುತ್ತುವರಿದು ವೆಲ್‌ಕ್ರೋದಿಂದ ಬಿಗಿಯುವ ಪ್ಲಾಸ್ಟಿಕ್ ಬ್ರೇಸ್. ಭುಜ, ಮೊಣಕೈ ಎರಡೂ ಬಿಡುವಾಗಿರುತ್ತವೆ. ಬ್ರೇಸ್ ಸ್ನಾಯುಗಳನ್ನು ಸುತ್ತಲಿಂದ ಒತ್ತಿದಾಗ ಆ ಒತ್ತಡವೇ ಮೂಳೆಯನ್ನು ಸಾಲಿಗೆ ತರುತ್ತದೆ. 1977ರಲ್ಲಿ ಈ ವಿಧಾನವನ್ನು ಮುಂದಿಟ್ಟವರು ಕೊಲಂಬಿಯಾ ಮೂಲದ ಅಮೆರಿಕನ್ ವೈದ್ಯ ಆಗಸ್ಟೋ ಸಾರ್ಮಿಯೆಂಟೊ. 2000ದಲ್ಲಿ ಅವರ ತಂಡ ಕೊನೆತನಕ ಹಿಂಬಾಲಿಸಿದ 620 ರೋಗಿಗಳ ಲೆಕ್ಕ ಕೊಟ್ಟಿತು. ಚರ್ಮ ಹರಿಯದ ಮುರಿತಗಳಲ್ಲಿ ಮೂಳೆ ಕೂಡದೆ ಉಳಿದದ್ದು 2 ಪ್ರತಿಶತಕ್ಕೂ ಕಡಿಮೆ.

ಎಲ್ಲರಿಗೂ ಅಷ್ಟು ಒಳ್ಳೆಯ ಫಲ ಸಿಕ್ಕಿಲ್ಲ. 2020ರಲ್ಲಿ ಫಿನ್ಲೆಂಡಿನಿಂದ ಬಂದ ಅಧ್ಯಯನದಲ್ಲಿ 82 ಜನರಿಗೆ ಆಪರೇಷನ್ ಅಥವಾ ಬ್ರೇಸ್ ಹಂಚಿದ್ದರು. ವರ್ಷದ ಕೊನೆಗೆ ಎರಡೂ ಗುಂಪು ಹೆಚ್ಚುಕಡಿಮೆ ಸಮ. ಆದರೆ ಬ್ರೇಸ್ ಹಾಕಿದ 44 ಜನರಲ್ಲಿ 13 ಮಂದಿಗೆ ನಡುವೆ ಆಪರೇಷನ್ ಮಾಡಲೇಬೇಕಾಯಿತು. ಹಾಗೆ ತಡವಾಗಿ ಆಪರೇಷನ್ ಆದವರ ಕೈ ಎರಡು ವರ್ಷದ ಬಳಿಕವೂ ಉಳಿದವರಷ್ಟು ಚೆನ್ನಾಗಿರಲಿಲ್ಲ. ಆರು ವಾರವಾದರೂ ಮುರಿದ ಜಾಗ ಸಲೀಸಾಗಿ ಅಲುಗುತ್ತಿದ್ದರೆ ಬರಿದೇ ಕಾಯುವುದರಲ್ಲಿ ಅರ್ಥವಿಲ್ಲ, ವೈದ್ಯರ ಜೊತೆ ಕುಳಿತು ಮಾತಾಡುವ ಸಮಯ ಅದು.

ಬ್ರೇಸ್ ಹಾಕಿದವರು ಒಂದು ವಿಷಯ ಮರೆಯಬಾರದು. ಮೊಣಕೈಯನ್ನು ಕುರ್ಚಿಯ ತೋಳಿಗೆ, ಮೇಜಿಗೆ, ದಿಂಬಿಗೆ ಊರಬಾರದು. ಊರಿದರೆ ಕೆಳಗಿನಿಂದ ತಳ್ಳಿದಂತಾಗಿ ಮುರಿತ ಬಾಗುತ್ತದೆ. ಕೈ ತೂಗುತ್ತಲೇ ಇರಲಿ. ಬಾವು ಇಳಿದಂತೆ ಬ್ರೇಸ್ ಸಡಿಲವಾಗುವುದರಿಂದ ದಿನವೂ ಪಟ್ಟಿ ಬಿಗಿ ಮಾಡಬೇಕು. ಎರಡರಿಂದ ಮೂರು ತಿಂಗಳು ಇದರ ಸಹವಾಸ. ಮೂಳೆ ಕೊಂಚ ಓರೆಯಾಗಿ ಕೂಡಿದರೂ ಭುಜದ ಚಲನೆ ಧಾರಾಳವಾಗಿರುವುದರಿಂದ ಕೆಲಸಕ್ಕೆ ತೊಂದರೆಯಾಗುವುದಿಲ್ಲ. ಎಕ್ಸ್‌ರೇಯಲ್ಲಿ ಸೊಟ್ಟ ಕಂಡರೆ ಕಂಗೆಡಬೇಡಿ.

ಈ ಮೂಳೆಯ ಹಿಂಬದಿಗೆ ಒತ್ತಿಕೊಂಡು ರೇಡಿಯಲ್ ನರ ಹಾದುಹೋಗುತ್ತದೆ. ಕಾಂಡ ಮುರಿದವರಲ್ಲಿ ಎಂಟೊಂಬತ್ತು ಜನಕ್ಕೆ ಒಬ್ಬರಂತೆ ಇದಕ್ಕೆ ಪೆಟ್ಟಾಗುತ್ತದೆ. ಆಗ ಮಣಿಕಟ್ಟು ಜೋತುಬೀಳುತ್ತದೆ, ಬೆರಳು ನೆಟ್ಟಗಾಗುವುದಿಲ್ಲ. ಪಾರ್ಶ್ವವಾಯು ಹೊಡೆಯಿತೆಂದು ಮನೆಯವರು ಅಳುವುದುಂಟು. ಸಾಮಾನ್ಯವಾಗಿ ನರ ಜಜ್ಜಿರುತ್ತದೆ, ತುಂಡಾಗಿರುವುದಿಲ್ಲ. ಹೆಚ್ಚಿನವರಲ್ಲಿ ಮೂರು ನಾಲ್ಕು ತಿಂಗಳಲ್ಲಿ ಮರಳುವ ಸೂಚನೆ ಕಾಣುತ್ತದೆ. ಅಲ್ಲಿಯತನಕ ಮಣಿಕಟ್ಟನ್ನು ಎತ್ತಿ ಹಿಡಿಯುವ ಪಟ್ಟಿ ಹಾಕಿ, ಬೆರಳು ಬಿಗಿಯದಂತೆ ಇನ್ನೊಂದು ಕೈಯಿಂದ ಬಿಡಿಸುತ್ತಿರಬೇಕು.

ಮಕ್ಕಳ ಮಾತು ಬೇರೆ. ರಟ್ಟೆ ಮೂಳೆಯ ಉದ್ದದ ಬೆಳವಣಿಗೆಯಲ್ಲಿ ಶೇ 80ರಷ್ಟು ಭುಜದ ತುದಿಯಲ್ಲೇ ಆಗುವುದರಿಂದ, ಅಲ್ಲಿ ಸೊಟ್ಟಗೆ ಕೂಡಿದ್ದೂ ಬೆಳೆಯುತ್ತ ನೇರವಾಗುತ್ತದೆ. ಭುಜ ಬಿಗಿಯುವ ಕಾಟವೂ ಅವರಿಗೆ ಅಷ್ಟಾಗಿ ಇಲ್ಲ.

ಕಟ್ಟು, ಎಣ್ಣೆ, ಕಾಲುಸೂಪು

ಆಂಧ್ರದ ಚಿತ್ತೂರು ಸೀಮೆಯ ಪುತ್ತೂರಿನ ಕಟ್ಟಿಗೆ ಕರ್ನಾಟಕದಲ್ಲೂ ದೊಡ್ಡ ಹೆಸರು. ಬಿದಿರು ದಬ್ಬೆ, ಮೊಟ್ಟೆಯ ಬಿಳಿ, ಸೊಪ್ಪಿನ ರಸದ ಈ ಕಟ್ಟಿನಿಂದ ವಾಸಿಯಾದವರು ನಿಮ್ಮ ಬೀದಿಯಲ್ಲೇ ಸಿಕ್ಕಾರು. ಅಚ್ಚರಿಯಿಲ್ಲ. ಹೆಚ್ಚಿನ ಭುಜದ ಮುರಿತಗಳು ತಾವೇ ಕೂಡುವಂಥವು ಎಂದ ಮೇಲೆ ಯಾವ ಕಟ್ಟು ಹಾಕಿದರೂ ಕೂಡುತ್ತವೆ. ತೊಂದರೆ ಬರುವುದು ಎಕ್ಸ್‌ರೇ ಇಲ್ಲದೆ, ಯಾವ ಮುರಿತ ಎಂದು ತಿಳಿಯದೆ ಬಿಗಿದಾಗ. ಬಾವು ಏರುತ್ತಿರುವ ಕೈಗೆ ಬಿಗಿ ಕಟ್ಟು ಬಿದ್ದರೆ ರಕ್ತ ನಿಂತು ಸ್ನಾಯು ಸಾಯುತ್ತದೆ, ಕೈಯನ್ನೇ ಕಳೆದುಕೊಂಡ ಪ್ರಕರಣಗಳಿವೆ. ಹಸಿ ಮುರಿತದ ಮೇಲೆ ಎಣ್ಣೆ ಹಾಕಿ ನೀವುವುದೂ ಹಾಗೆಯೇ, ಕೂಡುತ್ತಿದ್ದ ತುಣುಕನ್ನು ಸರಿಸಿಬಿಡಬಹುದು.

ನಮ್ಮ ಪರಂಪರೆಯ ಹೆಸರಿನಲ್ಲಿ ಮಾತಾಡುವವರು ಸುಶ್ರುತ ಸಂಹಿತೆಯ ಭಗ್ನ ಚಿಕಿತ್ಸೆಯ ಭಾಗವನ್ನು ನೋಡಬೇಕು. ಕಟ್ಟು ಸಡಿಲವಾದರೆ ಕೀಲು ನಿಲ್ಲದು, ಅತಿ ಬಿಗಿಯಾದರೆ ಬಾವು, ನೋವು, ಕೀವು ಎಂದು ಅಲ್ಲಿ ಎಚ್ಚರಿಸಿದ್ದಾರೆ. ಅದಕ್ಕಿಂತ ನನಗೆ ಹಿಡಿಸಿದ್ದು ಅಂಗೈ ಮುರಿದವರಿಗೆ ಹೇಳಿದ ಕ್ರಮ: ಮೊದಲು ಮಣ್ಣಿನ ಉಂಡೆ ಹಿಡಿಯಲಿ, ಆಮೇಲೆ ಉಪ್ಪಿನ ಗಟ್ಟಿ, ಬಲ ಬಂದ ಮೇಲೆ ಕಲ್ಲು. ಇವತ್ತಿನ ಫಿಸಿಯೋಥೆರಪಿಸ್ಟ್ ಕೊಡುವ ಮೆತ್ತನೆಯ ಚೆಂಡು, ಗಟ್ಟಿ ಚೆಂಡಿನ ಲೆಕ್ಕಾಚಾರವೂ ಇದೇ.

ಇನ್ನು ಊಟ. ಕಾಲುಸೂಪು ರುಚಿಗೆ ಕುಡಿಯಿರಿ, ಅದರಲ್ಲಿ ಕ್ಯಾಲ್ಸಿಯಂ ಹೆಚ್ಚೇನೂ ಇಳಿದಿರುವುದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ರಾಗಿ, ಹಾಲು, ಬೇಳೆ, ಮೊಟ್ಟೆ ಸಾಕು. ಬೀಡಿ ಸಿಗರೇಟು ಮೂಳೆ ಕೂಡುವುದನ್ನು ಖಂಡಿತ ತಡಮಾಡುತ್ತವೆ. ಸಕ್ಕರೆ ಕಾಯಿಲೆ ಇರುವವರಿಗೆ ಭುಜ ಬಿಗಿಯುವ ಸಂಭವ ಹೆಚ್ಚಾದ್ದರಿಂದ ಸಕ್ಕರೆ ಹತೋಟಿಯೂ ಈ ಚಿಕಿತ್ಸೆಯದೇ ಭಾಗ.

ಎಷ್ಟು ಬರುತ್ತದೆ?

ಮೂರು ತಿಂಗಳಿಗೆ ಹೆಚ್ಚಿನವರು ತಲೆ ಬಾಚಿಕೊಳ್ಳುವ, ಅಡುಗೆ ಮಾಡುವ ಮಟ್ಟಕ್ಕೆ ಬರುತ್ತಾರೆ. ಕೈ ಬೆನ್ನ ಹಿಂದೆ ಒಯ್ಯುವುದು, ಮೇಲಿನ ಕಪಾಟಿನ ಡಬ್ಬಿ ತೆಗೆಯುವುದು ಎಲ್ಲಕ್ಕಿಂತ ತಡ. ಸುಧಾರಣೆ ವರ್ಷದವರೆಗೂ, ಕೆಲವರಲ್ಲಿ ಅದನ್ನು ದಾಟಿಯೂ ನಡೆಯುತ್ತದೆ. ಇಳಿವಯಸ್ಸಿನಲ್ಲಿ ಜಾಗ ಬಿಟ್ಟು ಮುರಿದ ಭುಜ ಮೊದಲಿನಷ್ಟೇ ಎತ್ತರಕ್ಕೆ ಏಳುವುದು ಅಪರೂಪ. ಕಿವಿಗೆ ತಾಗುತ್ತಿದ್ದ ಕೈ ಹಣೆಯ ಮಟ್ಟಕ್ಕೆ ನಿಲ್ಲಬಹುದು. ಅದು ದಿನದ ಕೆಲಸಕ್ಕೆ ಸಾಕು. ಇದನ್ನು ಮೊದಲೇ ಹೇಳದಿದ್ದರೆ ರೋಗಿ ಆರು ತಿಂಗಳಾದ ಮೇಲೆ ‘ಚಿಕಿತ್ಸೆ ಕೆಟ್ಟಿತು’ ಎಂದು ಕೊರಗುತ್ತಾರೆ. ಕೆಲವರಿಗೆ ಗುಂಡಿನ ರಕ್ತ ಸಂಚಾರ ನಿಂತು ಅದು ಕುಸಿಯುವುದೂ ಉಂಟು. ಸುಧಾರಿಸುತ್ತಿದ್ದ ನೋವು ತಿಂಗಳುಗಳ ಬಳಿಕ ಮರಳಿದರೆ ಮತ್ತೊಮ್ಮೆ ಎಕ್ಸ್‌ರೇ ಬೇಕು. ಸ್ಕೂಟರ್, ಕಾರು ಓಡಿಸುವುದು ಸ್ಲಿಂಗ್ ಬಿಟ್ಟು, ಎರಡೂ ಕೈಯಲ್ಲಿ ಹ್ಯಾಂಡಲನ್ನೋ ಸ್ಟೇರಿಂಗನ್ನೋ ಗಟ್ಟಿಯಾಗಿ ತಿರುಗಿಸಲು ಬಂದ ಮೇಲೆ.

ಮುಂದಿನ ಮುರಿತ

ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ರಟ್ಟೆ ಮುರಿದಿದೆ ಎಂದರೆ ಮೂಳೆ ಮೊದಲೇ ಟೊಳ್ಳಾಗಿತ್ತು ಎಂದರ್ಥ. ಅಮೆರಿಕದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಹಿರಿಯ ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದರಲ್ಲಿ, ಭುಜದ ಮುರಿತವಾದ ಮೊದಲ ವರ್ಷ ಸೊಂಟ ಮುರಿಯುವ ಅಪಾಯ ಇತರರಿಗಿಂತ ಐದು ಪಟ್ಟಿಗೂ ಹೆಚ್ಚಿತ್ತು. ಸೊಂಟದ ಮುರಿತಕ್ಕೆ ಸ್ಲಿಂಗ್ ಇಲ್ಲ. ಅದು ಸಾಮಾನ್ಯವಾಗಿ ಆಪರೇಷನ್, ಕೆಲವೊಮ್ಮೆ ಹಾಸಿಗೆ.

ಹಾಗಿದ್ದೂ ಭುಜಕ್ಕೆ ಚಿಕಿತ್ಸೆ ಪಡೆದ ಎಷ್ಟೋ ಹಿರಿಯರು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯ ಹೆಸರನ್ನೇ ಕೇಳದೆ ಮನೆಗೆ ಮರಳುತ್ತಾರೆ. ಮೂಳೆ ಗಟ್ಟಿಯಾಗಿಸಲು ವಾರಕ್ಕೊಂದು ಮಾತ್ರೆಯೋ ವರ್ಷಕ್ಕೊಂದು ಡ್ರಿಪ್ಪೋ ಕೊಡುವ ಔಷಧಗಳು ನಮ್ಮಲ್ಲೇ ಸಿಗುತ್ತವೆ. ನಿಮ್ಮ ಮನೆಯಲ್ಲಿ ಹೀಗೆ ಕೈ ಮುರಿದುಕೊಂಡ ಹಿರಿಯರಿದ್ದರೆ ಮುಂದಿನ ಭೇಟಿಯಲ್ಲಿ ಡೆಕ್ಸಾ ಮತ್ತು ವಿಟಮಿನ್ ಡಿ ಪರೀಕ್ಷೆಯ ಬಗ್ಗೆ ವೈದ್ಯರನ್ನು ನೀವಾಗಿಯೇ ಕೇಳಿ. ತಲೆಸುತ್ತು ತರಿಸುವ ಬಿಪಿ ಮಾತ್ರೆ ಯಾವುದಾದರೂ ಇದೆಯೇ, ಕಣ್ಣಿನ ಪೊರೆ ಬಲಿತಿದೆಯೇ ಎಂದೂ ತೋರಿಸಿ. ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳುವ ಕಂಬಿಯೊಂದನ್ನು ಈ ವಾರವೇ ಹಾಕಿಸಿ.